‘ಆ ಕಾಲವೇ ಹಾಗಿತ್ತು’ ಅನ್ನುವ ಮೊದಲು ಎಡ್ವರ್ಡ್ ಕೋಲ್ಸ್ ಅವರ ಕಥೆ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ಆಗುತ್ತಿರುವ ಸಂದರ್ಭಕ್ಕೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಲೇಖನಮಾಲೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದುತ್ತಿದ್ದೇವೆ. ಚೆನ್ನಾಗಿ ಬರುತ್ತಿದೆ. ಆದರೆ ಆ ಘೋಷಣೆ ಬರೆದ ಥಾಮಸ್ ಜೆಫರ್ಸನ್ ಬಗ್ಗೆ ಬಂದ ಕಂತಿನ ಕೊನೆಯ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ‘ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದವರು’ ಎಂದು ಬರೆದವರೇ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು ಅನ್ನುವುದನ್ನು ಲೇಖಕರು ಮುಚ್ಚಿಡಲಿಲ್ಲ, ಸಂತೋಷ. ಅದರ ಬೆನ್ನಿಗೇ ‘ಆ ಕಾಲವೇ ಹಾಗಿತ್ತು, ಇವತ್ತಿನ ಕಣ್ಣಿನಿಂದ ಅವರನ್ನು ಅಳೆಯಬಾರದು’ ಅಂತ ಒಂದು ಸಾಲು ಹಾಕಿ ಮುಗಿಸಿಬಿಟ್ಟರು. ಇದು ಎಲ್ಲರೂ ಹೇಳುವ ಮಾತೇ. ಆದರೆ ಇದು ನಿಜ ಅಲ್ಲ. ಅದೇ ಕಾಲದಲ್ಲಿ, ಜೆಫರ್ಸನ್ ಅವರದೇ ವರ್ಜೀನಿಯಾದಲ್ಲಿ, ಅವರದೇ ಆಲ್ಬೆಮಾರ್ಲ್ ಕೌಂಟಿಯಲ್ಲಿ, ಅಂಥದೇ ದೊಡ್ಡ ತೋಟದ ಮನೆಯಲ್ಲಿ ಹುಟ್ಟಿದ ಒಬ್ಬರು ‘ಇದು ತಪ್ಪು’ ಅಂದರು. ಅಂದು ಸುಮ್ಮನೆ ಕೂರಲೂ ಇಲ್ಲ. ಅವರ ಹೆಸರು ಎಡ್ವರ್ಡ್ ಕೋಲ್ಸ್. ಇಲಿನಾಯ್ ರಾಜ್ಯದ ಎರಡನೇ ಗವರ್ನರ್. ನಿಮ್ಮ ಮಾಲೆಯಲ್ಲಿ ಇದುವರೆಗೆ ಅವರ ಹೆಸರು ಬಂದಿಲ್ಲ, ಬರಲೇಬೇಕು ಅಂತ ಕೇಳಿಕೊಳ್ಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಕೋಲ್ಸ್ ಹುಟ್ಟಿದ್ದು 1786ರ ಡಿಸೆಂಬರ್‌ನಲ್ಲಿ. ಮನೆತನ ಸಣ್ಣದಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ ಅವರ ಹೆಂಡತಿ ಡಾಲಿ ಅವರಿಗೆ ಸಂಬಂಧ. ಅಣ್ಣ ಐಸಾಕ್, ಜೆಫರ್ಸನ್ ಅಧ್ಯಕ್ಷರಾಗಿದ್ದಾಗ ಅವರ ಆಪ್ತ ಕಾರ್ಯದರ್ಶಿ. ಹುಡುಗ ಓದಲು ಹೋದದ್ದು ವಿಲಿಯಂ ಅಂಡ್ ಮೇರಿ ಕಾಲೇಜಿಗೆ. ಅಲ್ಲಿ ಪ್ರಾಂಶುಪಾಲರಾಗಿದ್ದವರು ಬಿಷಪ್ ಜೇಮ್ಸ್ ಮ್ಯಾಡಿಸನ್, ಅದೇ ಹೆಸರಿನ ಅಧ್ಯಕ್ಷ ಮ್ಯಾಡಿಸನ್ ಅವರ ದಾಯಾದಿ. ಅವರು ಪಾಠದಲ್ಲಿ ಮನುಷ್ಯರ ಹಕ್ಕುಗಳ ಬಗ್ಗೆ ಹೇಳುತ್ತಿದ್ದಾಗ ಕೋಲ್ಸ್ ನೇರವಾಗಿ ಕೇಳಿದರು: ಎಲ್ಲರೂ ಸಮಾನರಾಗಿ ಹುಟ್ಟಿದವರು ಅನ್ನುವುದಾದರೆ ಒಬ್ಬ ಇನ್ನೊಬ್ಬನ ಆಸ್ತಿ ಆಗುವುದು ಹೇಗೆ? ಬಿಷಪ್ ಒಪ್ಪಿಕೊಂಡರು, ತತ್ವದಲ್ಲಿ ಇದಕ್ಕೆ ಸಮರ್ಥನೆ ಇಲ್ಲ, ಆದರೆ ಹೋಗಲಾಡಿಸುವುದು ಬಹಳ ಕಷ್ಟ ಅಂದರು. ಕಷ್ಟ ಅನ್ನುವ ಉತ್ತರ ಆ ಹುಡುಗನಿಗೆ ಸಾಕಾಗಲಿಲ್ಲ. ತಪ್ಪು ಅಂತ ಗೊತ್ತಾದ ಮೇಲೆ ನಾನು ಗುಲಾಮರನ್ನು ಇಟ್ಟುಕೊಳ್ಳುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿಕೊಂಡರು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಪ್ಪನಿಗೆ ಗೊತ್ತಾದರೆ ಉಯಿಲು ಬದಲಾಯಿಸಿ ಆ ಜನರನ್ನು ಬೇರೆ ಮಕ್ಕಳಿಗೆ ಬರೆದುಬಿಡುತ್ತಾರೆ, ಆಗ ಅವರನ್ನು ಬಿಡಿಸುವ ಅವಕಾಶವೂ ತಪ್ಪುತ್ತದೆ ಅನ್ನುವುದು ಲೆಕ್ಕ. 1808ರಲ್ಲಿ ಅಪ್ಪ ತೀರಿಕೊಂಡರು. ರಾಕ್‌ಫಿಶ್ ನದಿಯ ಹತ್ತಿರದ 782 ಎಕರೆ ತೋಟ, 12 ಮಂದಿ ಗುಲಾಮರು ಎಡ್ವರ್ಡ್ ಪಾಲಿಗೆ ಬಂದರು. ಆಗ ಮನೆಯವರಿಗೆ ವಿಷಯ ಹೇಳಿದರು. ಅಣ್ಣಂದಿರು, ನೆಂಟರು, ನೆರೆಯವರು ಎಲ್ಲರೂ ವಿರೋಧ.

ಹಾಗಾದರೆ ಅವತ್ತೇ ಯಾಕೆ ಬಿಡುಗಡೆ ಮಾಡಲಿಲ್ಲ ಅಂತ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ವರ್ಜೀನಿಯಾದಲ್ಲಿ 1806ರಲ್ಲಿ ಒಂದು ಕಾನೂನು ಮಾಡಿದ್ದರು. ಬಿಡುಗಡೆಯಾದ ಗುಲಾಮ 12 ತಿಂಗಳೊಳಗೆ ರಾಜ್ಯ ಬಿಟ್ಟು ಹೋಗಬೇಕು, ಹೋಗದಿದ್ದರೆ ಮತ್ತೆ ಹಿಡಿದು ಮಾರಬಹುದು. ಅಂದರೆ ಅಲ್ಲಿ ಬಿಡುಗಡೆ ಕಾಗದ ಬರೆದುಕೊಟ್ಟು ಕೈತೊಳೆದುಕೊಂಡರೆ ಆ ಜನರನ್ನು ಬೀದಿಗೆ ತಳ್ಳಿದಂತೆ. ಅವರ ಜೊತೆಗೆ ತಾನೂ ಊರು ಬಿಡಬೇಕು, ಬೇರೆ ಕಡೆ ಅವರಿಗೊಂದು ನೆಲೆ ಮಾಡಿಕೊಡಬೇಕು ಅನ್ನುವುದು ಕೋಲ್ಸ್ ಯೋಚನೆ. ತೋಟ ಮಾರಲು ನೋಡಿದರು, ಬೇಗ ಆಗಲಿಲ್ಲ. ಅಷ್ಟರಲ್ಲಿ ಅಧ್ಯಕ್ಷ ಮ್ಯಾಡಿಸನ್ ತಮ್ಮ ಆಪ್ತ ಕಾರ್ಯದರ್ಶಿಯಾಗಿ ಬಾ ಅಂತ ಕರೆದರು. 1810ರಿಂದ ಐದು ವರ್ಷ ಅಧ್ಯಕ್ಷರ ಮನೆಯಲ್ಲೇ ಕೆಲಸ. ಇಷ್ಟು ವರ್ಷ ತಡ ಮಾಡಿದ್ದು ನನಗೆ ಸರಿ ಕಾಣುವುದಿಲ್ಲ. ಕಾದವರು ಅವರಲ್ಲ, ಹೊಲದಲ್ಲಿ ದುಡಿಯುತ್ತಿದ್ದವರು. ಆದರೂ ವಾಷಿಂಗ್ಟನ್‌ನಲ್ಲಿ ಕೋಲ್ಸ್ ಬಾಯಿ ಮುಚ್ಚಿಕೊಂಡು ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಸರಪಳಿ ಹಾಕಿದ ಗುಲಾಮರ ಗುಂಪನ್ನು ದಕ್ಷಿಣದ ಸಂತೆಗೆ ಹೊಡೆದುಕೊಂಡು ಹೋಗುವುದು ರಾಜಧಾನಿಯ ಬೀದಿಯಲ್ಲಿ ಕಣ್ಣಿಗೆ ಬಿದ್ದಾಗ, ‘ಸದ್ಯ, ಈಗ ನಿಮ್ಮ ಜೊತೆ ಯಾವ ವಿದೇಶಿ ರಾಯಭಾರಿಯೂ ಇಲ್ಲ, ಅಷ್ಟು ಅವಮಾನ ತಪ್ಪಿತು’ ಅಂತ ಅಧ್ಯಕ್ಷರ ಮುಖಕ್ಕೇ ಹೇಳುತ್ತಿದ್ದೆ ಎಂದು ಅವರೇ ಮುಂದೆ ಬರೆದಿದ್ದಾರೆ. ಸಂಬಳ ಕೊಡುವ ಅಧ್ಯಕ್ಷರಿಗೆ ಇಪ್ಪತ್ತರ ಹರೆಯದ ಕಾರ್ಯದರ್ಶಿ ಹೇಳಿದ ಮಾತು ಇದು.

ಇದೇ ಕಾಲದ ಇನ್ನೊಂದು ಸಂಗತಿ. 1814ರ ಜುಲೈ 31ರಂದು ಕೋಲ್ಸ್ ಜೆಫರ್ಸನ್ ಅವರಿಗೆ ಕಾಗದ ಬರೆದರು. ಗುಲಾಮಗಿರಿಯನ್ನು ನಿಧಾನವಾಗಿಯಾದರೂ ಕೊನೆಗಾಣಿಸುವ ಒಂದು ಯೋಜನೆ ಮಾಡಿ, ಅದಕ್ಕೆ ನೀವೇ ಮುಂದಾಳು ಆಗಿ, ನಿಮ್ಮ ಮಾತನ್ನು ದೇಶ ಕೇಳುತ್ತದೆ ಅಂತ ಬೇಡಿಕೊಂಡರು. ನಾನಂತೂ ನನ್ನವರನ್ನು ಕರೆದುಕೊಂಡು ವರ್ಜೀನಿಯಾ ಬಿಡುತ್ತೇನೆ ಅಂತಲೂ ತಿಳಿಸಿದರು. ಉತ್ತರ ಬಂದದ್ದು ಆಗಸ್ಟ್ 25ರ ತಾರೀಖಿನದು, ಆಗ ನಡೆಯುತ್ತಿದ್ದ ಯುದ್ಧದಲ್ಲಿ ಬ್ರಿಟಿಷರು ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ಮನೆ ಸುಟ್ಟ ಮಾರನೆಯ ದಿನ. ನಿಮ್ಮ ವಿಚಾರ ನಿಮಗೆ ಗೌರವ ತರುವಂಥದ್ದು, ಆದರೆ ಇದು ಯುವಕರ ಕೆಲಸ, ನನ್ನ ಪ್ರಾರ್ಥನೆ ನಿಮ್ಮ ಜೊತೆಗಿರುತ್ತದೆ, ಮುದುಕನ ಹತ್ತಿರ ಇರುವ ಆಯುಧ ಅದೊಂದೇ ಎಂದು 71 ವರ್ಷದ ಜೆಫರ್ಸನ್ ಬರೆದರು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಊರು ಬಿಡಬೇಡಿ, ಆ ಜನರಿಗೆ ಚೆನ್ನಾಗಿ ಊಟ ಬಟ್ಟೆ ಕೊಟ್ಟು ನೋಡಿಕೊಂಡು ಇಲ್ಲೇ ಇರಿ ಅಂತ ಬುದ್ಧಿಮಾತನ್ನೂ ಸೇರಿಸಿದರು. ಕೋಲ್ಸ್ ಸುಮ್ಮನಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಮತ್ತೆ ಬರೆದರು. ವಿನಯದಿಂದಲೇ ಬರೆದರು, ಆದರೆ ಬಿಟ್ಟುಕೊಡಲಿಲ್ಲ: ವಯಸ್ಸು ಅಡ್ಡಿ ಆಗುತ್ತದೆ ಅಂತ ನಾನು ಎಣಿಸಿರಲಿಲ್ಲ, ಫ್ರಾಂಕ್ಲಿನ್ ನಿಮ್ಮ ವಯಸ್ಸು ದಾಟಿದ ಮೇಲೂ ಇಂಥ ಕಷ್ಟದ ಕೆಲಸಗಳನ್ನು ಮಾಡಿದರಲ್ಲ! ನಿಜ, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ 84ನೇ ವಯಸ್ಸಿನಲ್ಲಿ, ಸಾಯುವುದಕ್ಕೆ ಎರಡು ತಿಂಗಳ ಮುಂಚೆ, ಗುಲಾಮಗಿರಿ ವಿರುದ್ಧದ ಮನವಿಗೆ ಸಹಿ ಹಾಕಿ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕಳಿಸಿದ್ದರು. ಈ ಕಾಗದಗಳು ಇವತ್ತಿಗೂ ಓದಲು ಸಿಗುತ್ತವೆ. ಇವನ್ನು ಓದಿದ ಮೇಲೆ ‘ಆ ಕಾಲದಲ್ಲಿ ಯಾರಿಗೂ ಹಾಗೆ ಅನ್ನಿಸಿರಲಿಲ್ಲ’ ಎಂದು ಹೇಳುವುದು ಹೇಗೆ? ಅನ್ನಿಸಿತ್ತು. ಬರೆದು ಕೇಳಿದ್ದರು. ಜೆಫರ್ಸನ್ ಆಗುವುದಿಲ್ಲ ಅಂದರು.

ಅಂತೂ 1819ರ ವಸಂತದಲ್ಲಿ ಕೋಲ್ಸ್ ಹೊರಟರು. ತೋಟವನ್ನು ಅಣ್ಣನಿಗೇ ಮಾರಿದ್ದರು. ಇಲಿನಾಯ್‌ಗೆ ಮೊದಲೇ ಹೋಗಿ ಜಾಗ ನೋಡಿಕೊಂಡು ಬಂದಿದ್ದರು. ಗುಲಾಮರನ್ನು ರಾಲ್ಫ್ ಕ್ರಾಫರ್ಡ್ ಅನ್ನುವವರ ಉಸ್ತುವಾರಿಯಲ್ಲಿ ಬಂಡಿ ಕಟ್ಟಿಸಿ ಮುಂದೆ ಕಳಿಸಿದರು. ಈ ರಾಲ್ಫ್ ಕೂಡ ಗುಲಾಮರೇ. ಬೆಟ್ಟ ದಾಟಿ ಪೆನ್ಸಿಲ್ವೇನಿಯಾದ ಬ್ರೌನ್ಸ್‌ವಿಲ್ ಸೇರಿ, ಅಲ್ಲಿ ಎರಡು ಚಪ್ಪಟೆ ತಳದ ದೋಣಿ ಕೊಂಡು, ಜನ, ಕುದುರೆ, ಬಂಡಿ ಎಲ್ಲ ಹತ್ತಿಸಿಕೊಂಡು ನದಿಯಲ್ಲಿ ಇಳಿದರು. ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ ಅನ್ನುವುದು ಆ ಜನರಿಗೆ ಸರಿಯಾಗಿ ಗೊತ್ತಿಲ್ಲ. ಹೊಸ ಜಮೀನಿಗೆ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ಅಂದುಕೊಂಡಿರಬೇಕು, ಗುಲಾಮರನ್ನು ಯಾರು ಕೇಳಿ ಕರೆದೊಯ್ಯುತ್ತಿದ್ದರು?

ಪಿಟ್ಸ್‌ಬರ್ಗ್ ದಾಟಿದ ಮರುದಿನ ಬೆಳಿಗ್ಗೆ. ಏಪ್ರಿಲ್ ತಿಂಗಳು. ಆಕಾಶದಲ್ಲಿ ಒಂದು ಮೋಡ ಇಲ್ಲ, ಒಳ್ಳೆಯ ಬಿಸಿಲು, ಒಹಾಯೊ ನದಿಯ ಹರಿವಿನಲ್ಲಿ ದೋಣಿಗಳು ತಮ್ಮಷ್ಟಕ್ಕೆ ತೇಲುತ್ತಿವೆ, ಎರಡೂ ದಡದಲ್ಲಿ ಮರಗಳು ಚಿಗುರುತ್ತಿವೆ. ಎರಡು ದೋಣಿಗಳನ್ನೂ ಒಟ್ಟಿಗೆ ಕಟ್ಟಿಸಿ, ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ ಕೋಲ್ಸ್ ನಾಲ್ಕೇ ಮಾತು ಆಡಿದರು. ಇನ್ನು ನೀವು ಗುಲಾಮರಲ್ಲ, ನನ್ನಷ್ಟೇ ಸ್ವತಂತ್ರರು, ನನ್ನ ಜೊತೆ ಬರುವವರು ಬರಬಹುದು, ಇಲ್ಲೇ ದಡಕ್ಕೆ ಇಳಿದು ಹೋಗುವವರು ಹೋಗಬಹುದು, ನಿಮ್ಮಿಷ್ಟ. ಯಾರೂ ಮಾತಾಡಲಿಲ್ಲ. ಅವರನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ಕೇಳಿಸಿದ್ದು ನಿಜವೋ ಅಲ್ಲವೋ ಅನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಒಂದು ಥರದ ನಗು ಬಂತು, ತಡೆಯಲಾಗದ ನಗು, ಆಮೇಲೆ ಅಳು. ಇದೆಲ್ಲವನ್ನೂ ಕೋಲ್ಸ್ 25 ವರ್ಷ ಆದ ಮೇಲೆ ನೆನಪಿನಿಂದ ಬರೆದರು. ನನಗೆ ಓದುವಾಗ ಆ ನಗುವೇ ಮನಸ್ಸಿಗೆ ಜಾಸ್ತಿ ತಾಗುತ್ತದೆ. ಕಥೆ ಕಟ್ಟುವವರು ಮೊದಲು ಕಣ್ಣೀರು ಬರೆಯುತ್ತಾರೆ. ಕಣ್ಣಾರೆ ಕಂಡವರು ಮಾತ್ರ ಮೊದಲು ನಗು ಬಂತು ಅಂತ ಬರೆದಾರು.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಇಷ್ಟು ವರ್ಷ ದುಡಿದಿದ್ದೀರಿ, ಅದಕ್ಕೆ ಪ್ರತಿಯಾಗಿ ಒಂದೊಂದು ಸಂಸಾರದ ಯಜಮಾನರಿಗೆ 160 ಎಕರೆ ಜಮೀನು ಕೊಡುತ್ತೇನೆ ಅಂದರು. ಆ ಜನ ಬೇಡ ಅಂದರಂತೆ, ಬಿಡುಗಡೆಯೇ ಸಾಕು, ನೀವು ಹೊಸ ಊರಿನಲ್ಲಿ ಒಂದು ನೆಲೆಗೆ ಬರುವವರೆಗೆ ನಿಮ್ಮ ಹತ್ತಿರವೇ ಕೆಲಸ ಮಾಡುತ್ತೇವೆ ಅಂದರಂತೆ. ಕೋಲ್ಸ್ ಒಪ್ಪಲಿಲ್ಲ. ಕೆಲಸ ಮಾಡುವುದಾದರೆ ಕೂಲಿ ತೆಗೆದುಕೊಂಡೇ ಮಾಡಬೇಕು ಅಂದರು. ಲೂಯಿವಿಲ್ ಹತ್ತಿರ ದೋಣಿ ಮಾರಿ, ಅಲ್ಲಿಂದ ನೆಲದ ದಾರಿಯಲ್ಲಿ ಇಲಿನಾಯ್‌ನ ಎಡ್ವರ್ಡ್ಸ್‌ವಿಲ್ ಸೇರಿದರು. ಜುಲೈ 4, ಸ್ವಾತಂತ್ರ್ಯ ದಿನಾಚರಣೆಯ ದಿನವನ್ನೇ ಆರಿಸಿಕೊಂಡು ಬಿಡುಗಡೆ ಪತ್ರಗಳನ್ನು ಬರೆದುಕೊಟ್ಟರು. ಮನುಷ್ಯನಿಗೆ ಇನ್ನೊಬ್ಬ ಮನುಷ್ಯನ ಮೇಲೆ ಆಸ್ತಿಯ ಹಕ್ಕು ಇರಲು ಸಾಧ್ಯ ಎಂದು ನಾನು ನಂಬುವುದಿಲ್ಲ ಅಂತ ಆ ಪತ್ರದಲ್ಲೇ ಕಾರಣ ಬರೆದಿದ್ದಾರೆ. ರಾಲ್ಫ್ ಕ್ರಾಫರ್ಡ್, ರಾಬರ್ಟ್ ಕ್ರಾಫರ್ಡ್, ಥಾಮಸ್ ಕಾಬ್, ನ್ಯಾನ್ಸಿ ಗೇನ್ಸ್ ಇವರೆಲ್ಲ ಹೀಗೆ ಬಿಡುಗಡೆ ಆದವರು. ಎಡ್ವರ್ಡ್ಸ್‌ವಿಲ್ ಹತ್ತಿರದ ಪಿನ್ ಓಕ್‌ನಲ್ಲಿ ಇಂಥವರ ಒಂದು ವಸತಿಯೇ ಬೆಳೆಯಿತು.

ಇಲ್ಲಿಗೆ ಮುಗಿದಿದ್ದರೂ ಕೋಲ್ಸ್ ದೊಡ್ಡವರೇ. ಆದರೆ ಅಸಲಿ ಹೋರಾಟ ಶುರುವಾದದ್ದು ಆಮೇಲೆ.

ಇಲಿನಾಯ್ 1818ರ ಡಿಸೆಂಬರ್‌ನಲ್ಲಿ ರಾಜ್ಯ ಆಗಿತ್ತು. 1787ರ ಕಾಯ್ದೆಯ ಪ್ರಕಾರ ಒಹಾಯೊ ನದಿಯ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಕಾಗದದ ಮೇಲೆ ಇಲ್ಲ ಅಷ್ಟೇ. ಹಳೆಯ ಫ್ರೆಂಚ್ ವಸಾಹತುಗಾರರ ಗುಲಾಮರು ಹಾಗೇ ಉಳಿದಿದ್ದರು, 1820ರ ಜನಗಣತಿಯಲ್ಲೇ 917 ಗುಲಾಮರ ಲೆಕ್ಕ ಇದೆ. ಶಾನಿಟೌನ್ ಹತ್ತಿರದ ಉಪ್ಪಿನ ಬಾವಿಗಳಲ್ಲಿ 1825ರವರೆಗೆ ಹೊರಗಿನಿಂದ ಗುಲಾಮರನ್ನು ತಂದು ದುಡಿಸಬಹುದು ಅಂತ ಸಂವಿಧಾನದಲ್ಲೇ ಬರೆದಿದ್ದರು. ಅದರ ಮೇಲೆ ಜೀತದ ಕರಾರು ಬೇರೆ, ಹೆಸರಿಗೆ ಒಪ್ಪಂದ, ನಿಜದಲ್ಲಿ ಜೀವಮಾನದ ಜೀತ. ಪಕ್ಕದ ಮಿಸೌರಿ 1821ರಲ್ಲಿ ಗುಲಾಮಗಿರಿ ಇರುವ ರಾಜ್ಯವಾಗಿ ಸೇರಿಕೊಂಡಿತು. ವರ್ಜೀನಿಯಾ, ಕೆಂಟಕಿಯ ಹಣವಂತರು ಗುಲಾಮರನ್ನು ಹೊಡೆದುಕೊಂಡು ಇಲಿನಾಯ್ ಮೂಲಕವೇ ಮಿಸೌರಿಗೆ ಹೋಗುತ್ತಿದ್ದರು. ಅವರನ್ನು ನೋಡಿ ಇಲ್ಲಿಯವರಿಗೆ ಹೊಟ್ಟೆಯುರಿ, ನಮ್ಮಲ್ಲೂ ಗುಲಾಮಗಿರಿ ಇದ್ದಿದ್ದರೆ ಈ ದುಡ್ಡೆಲ್ಲ ಇಲ್ಲೇ ನಿಲ್ಲುತ್ತಿತ್ತಲ್ಲ ಅಂತ.

1822ರ ಗವರ್ನರ್ ಚುನಾವಣೆಗೆ ನಾಲ್ವರು ನಿಂತರು. ಅಲ್ಲಿನ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಗಳ ಹಾಗೆ ಆಡಳಿತ ನಡೆಸುವವರು, ಜನರೇ ನೇರ ಮತ ಹಾಕಿ ಆರಿಸುತ್ತಾರೆ. ಕೋಲ್ಸ್ ಎಡ್ವರ್ಡ್ಸ್‌ವಿಲ್‌ನ ಸರ್ಕಾರಿ ಭೂಮಿ ಕಚೇರಿಯಲ್ಲಿ ಅಧಿಕಾರಿಯಾಗಿದ್ದವರು, ಹೊಸದಾಗಿ ಬಂದ ರೈತರಿಗೆಲ್ಲ ಪರಿಚಯ. ಅವರಿಗೆ ಬಿದ್ದದ್ದು 2,854 ಮತ. ಎರಡನೆಯವರಾದ ಮುಖ್ಯ ನ್ಯಾಯಾಧೀಶ ಜೋಸೆಫ್ ಫಿಲಿಪ್ಸ್‌ಗೆ 2,687, ಇನ್ನೊಬ್ಬ ನ್ಯಾಯಾಧೀಶ ಥಾಮಸ್ ಬ್ರೌನ್‌ಗೆ 2,443. ಗುಲಾಮಗಿರಿ ಬೇಕು ಅನ್ನುವವರ ಮತ ಇವರಿಬ್ಬರ ನಡುವೆ ಒಡೆದುಹೋಯಿತು, ಕೋಲ್ಸ್ ಮೂರರಲ್ಲಿ ಒಂದು ಪಾಲು ಮತದಲ್ಲೇ ಗೆದ್ದರು. ಇಷ್ಟು ಕಡಿಮೆ ಬೆಂಬಲದಲ್ಲಿ ಗೆದ್ದವರು ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತಾರೆ, ಅಲ್ವಾ? ಕೋಲ್ಸ್ ಮೊದಲ ಭಾಷಣದಲ್ಲೇ, 1822ರ ಡಿಸೆಂಬರ್‌ನಲ್ಲಿ, ರಾಜಧಾನಿ ವ್ಯಾಂಡೇಲಿಯಾದಲ್ಲಿ ಶಾಸಕರ ಎದುರು ನಿಂತು ಹೇಳಿದರು: ಉಳಿದಿರುವ ಗುಲಾಮರನ್ನೂ ಬಿಡುಗಡೆ ಮಾಡಿ, ಕಪ್ಪು ಜನರ ಮೇಲಿನ ಕ್ರೂರ ಕಾನೂನುಗಳನ್ನು ಸರಿಪಡಿಸಿ, ಸ್ವತಂತ್ರರಾದ ಕಪ್ಪು ಜನರನ್ನು ಕದ್ದು ದಕ್ಷಿಣಕ್ಕೆ ಮಾರುವವರಿಗೆ ಗಟ್ಟಿ ಶಿಕ್ಷೆ ಕೊಡಿ.

ಸಭೆ ಕೆರಳಿತು. ಅಲ್ಲಿ ಬಹುಮತ ಇದ್ದದ್ದು ಅವರ ವಿರೋಧಿಗಳದು. ಸಂವಿಧಾನವನ್ನೇ ಹೊಸದಾಗಿ ಬರೆಯಲು ಒಂದು ಸಮಾವೇಶ ಕರೆಯೋಣ ಅಂತ ಹೊರಟರು. ಬಾಯಲ್ಲಿ ಬೇರೆ ಬೇರೆ ಕಾರಣ, ಒಳಗೆ ಇದ್ದದ್ದು ಗುಲಾಮಗಿರಿ ತರುವ ಆಸೆ. ಸಮಾವೇಶ ಬೇಕೇ ಬೇಡವೇ ಅಂತ ಜನರ ಮುಂದೆ ಇಡಬೇಕಾದರೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. ಸೆನೆಟ್‌ನಲ್ಲಿ ಸಿಕ್ಕಿತು. ಕೆಳಮನೆಯಲ್ಲಿ ಒಂದೇ ಒಂದು ಮತ ಕಡಿಮೆ ಬಿತ್ತು. ಆ ಒಂದು ಮತವನ್ನು ತಂದ ಬಗೆ ನೋಡಿ. ಪೈಕ್ ಕೌಂಟಿಯ ಸದಸ್ಯ ನಿಕೋಲಸ್ ಹ್ಯಾನ್ಸನ್. ಅವರ ಆಯ್ಕೆಯ ಬಗ್ಗೆ ಜಾನ್ ಶಾ ಅನ್ನುವವರು ತಕರಾರು ಎತ್ತಿದ್ದರು. ಅಧಿವೇಶನದ ಆರಂಭದಲ್ಲೇ ಸದನ ವಿಚಾರಣೆ ಮಾಡಿ ಹ್ಯಾನ್ಸನ್ ಆಯ್ಕೆ ಸರಿಯಾಗಿದೆ ಅಂತ ತೀರ್ಮಾನಿಸಿತ್ತು. ವಾರಗಟ್ಟಲೆ ಅವರು ಸದಸ್ಯರಾಗಿ ಕೂತಿದ್ದರು. 1823ರ ಫೆಬ್ರವರಿಯಲ್ಲಿ ಅವರು ಸಮಾವೇಶದ ವಿರುದ್ಧ ಮತ ಹಾಕಿದ ಮೇಲೆ ಅದೇ ಸದನ ಹಳೆಯ ತೀರ್ಮಾನವನ್ನು ತಿರುಗಿಸಿ, ಹ್ಯಾನ್ಸನ್ ಅವರನ್ನು ಹೊರಗೆ ಹಾಕಿ, ಶಾ ಅವರನ್ನು ಕರೆದು ಕೂರಿಸಿತು. ಶಾ ಪರವಾಗಿ ಮತ ಹಾಕಿದರು. ನಿರ್ಣಯ ಪಾಸಾಯಿತು.

ಆ ರಾತ್ರಿ ವ್ಯಾಂಡೇಲಿಯಾದಲ್ಲಿ ಮೆರವಣಿಗೆ. ನ್ಯಾಯಾಧೀಶರು, ಶಾಸಕರು, ದೊಡ್ಡ ಮನುಷ್ಯರು ಅನ್ನಿಸಿಕೊಂಡವರೇ ಮುಂದೆ. ತಗಡು ಬಡಿಯುತ್ತಾ, ಕೊಂಬು ಊದುತ್ತಾ, ಡೋಲು ಹೊಡೆಯುತ್ತಾ ಗವರ್ನರ್ ಉಳಿದುಕೊಂಡಿದ್ದ ಮನೆಯ ಮುಂದೆ ಬಂದು ‘ಸಮಾವೇಶ ಇಲ್ಲವೇ ಸಾವು’ ಅಂತ ಕೂಗಿದರು. ಒಳಗಿದ್ದವರು 36 ವರ್ಷದ, ಇನ್ನೂ ಮದುವೆ ಆಗದ ಗವರ್ನರ್. ಸದನದಲ್ಲಿ ಬಹುಮತ ಇಲ್ಲ, ಉಪಗವರ್ನರ್ ಕೂಡ ಎದುರು ಪಾಳಯದವರು.

ಜನಮತ ಇದ್ದದ್ದು 1824ರ ಆಗಸ್ಟ್ 2ಕ್ಕೆ. ಹತ್ತಿರ ಹತ್ತಿರ 18 ತಿಂಗಳು ರಾಜ್ಯದಲ್ಲಿ ಬೇರೆ ಮಾತೇ ಇಲ್ಲ. ಕೋಲ್ಸ್ ತಮ್ಮ ನಾಲ್ಕು ವರ್ಷದ ಸಂಬಳ, ವರ್ಷಕ್ಕೆ 1,000 ಡಾಲರ್, ಪೂರ್ತಿ ಈ ಹೋರಾಟಕ್ಕೆ ಹಾಕಿದರು. ಫಿಲಡೆಲ್ಫಿಯಾದ ಗೆಳೆಯ ನಿಕೋಲಸ್ ಬಿಡಲ್‌ಗೆ ಬರೆದರು, ಅವರ ಮೂಲಕ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ರಾಬರ್ಟ್ಸ್ ವಾಕ್ಸ್ ಪರಿಚಯ ಆಯಿತು, ವಾಕ್ಸ್ ಅಲ್ಲಿಂದ ಕರಪತ್ರಗಳನ್ನು ಅಚ್ಚು ಹಾಕಿಸಿ ಕಳಿಸಿದರು. ಜಾನ್ ಮೇಸನ್ ಪೆಕ್ ಅನ್ನುವ ಬ್ಯಾಪ್ಟಿಸ್ಟ್ ಪಾದ್ರಿ ಕುದುರೆ ಏರಿ ಹಳ್ಳಿ ಹಳ್ಳಿ ಸುತ್ತಿದರು. ಎದುರು ಪಕ್ಷದ ಕೈಯಲ್ಲಿದ್ದ ವ್ಯಾಂಡೇಲಿಯಾದ ಪತ್ರಿಕೆಯನ್ನು ಕೋಲ್ಸ್ ಗೆಳೆಯರ ಜೊತೆ ಸೇರಿ ಕೊಂಡುಕೊಂಡರು.

ಸಂಪಾದಕರೇ, ನಿಮಗೆ ವಿಶೇಷವಾಗಿ ಹೇಳಬೇಕಾದ್ದು ಮೋರಿಸ್ ಬರ್ಕ್‌ಬೆಕ್ ಬಗ್ಗೆ. ಇಂಗ್ಲೆಂಡಿನಲ್ಲಿ ದೊಡ್ಡ ರೈತರಾಗಿದ್ದು, 1817ರಲ್ಲಿ ಬಂದು ಇಲಿನಾಯ್‌ನ ಎಡ್ವರ್ಡ್ಸ್ ಕೌಂಟಿಯ ಹುಲ್ಲುಗಾವಲಿನಲ್ಲಿ ನೆಲೆ ನಿಂತವರು. ಅವರು ‘ಜೊನಾಥನ್ ಫ್ರೀಮನ್’ ಅನ್ನುವ ಹೆಸರಿಟ್ಟುಕೊಂಡು ಶಾನಿಟೌನ್ ಪತ್ರಿಕೆಗೆ ಪತ್ರ ಬರೆಯಲು ಶುರು ಮಾಡಿದರು. ಹೌದು, ನಾನೀಗ ಬರೆಯುತ್ತಿರುವಂಥದ್ದೇ, ಸಂಪಾದಕರಿಗೆ ಓದುಗರ ಪತ್ರ. ಒಬ್ಬ ಬಡ ರೈತ ಬರೆದಂತೆ ನೇರ ಮಾತು. ಗುಲಾಮಗಿರಿ ಬಂದರೆ ಲಾಭ ದೊಡ್ಡ ತೋಟದವರಿಗೆ, ತಾನೇ ಉತ್ತು ತಾನೇ ಬಿತ್ತುವ ನನ್ನಂಥವನ ದುಡಿಮೆಗೆ ಬೆಲೆ ಎಲ್ಲಿಂದ ಬರಬೇಕು ಅಂತ ರೈತರ ಭಾಷೆಯಲ್ಲೇ ಕೇಳಿದರು. ಬೇರೆ ಪತ್ರಿಕೆಗಳೂ ಆ ಪತ್ರಗಳನ್ನು ಎತ್ತಿ ಹಾಕಿಕೊಂಡವು. ಜನ ಕೂತು ಓದಿಸಿ ಕೇಳುವ ಕಾಲ ಅದು. ಆ ಗೆಲುವಿನಲ್ಲಿ ಅವರ ಪತ್ರಗಳ ಪಾಲು ದೊಡ್ಡದು ಅಂತ ಇತಿಹಾಸಕಾರರು ಒಪ್ಪುತ್ತಾರೆ. ಆಮೇಲೆ ಬರ್ಕ್‌ಬೆಕ್ ಅವರನ್ನು ಕೋಲ್ಸ್ ರಾಜ್ಯದ ಕಾರ್ಯದರ್ಶಿಯಾಗಿ ನೇಮಿಸಿದರು, ಸೆನೆಟ್ ಹಟ ಹಿಡಿದು ಒಪ್ಪಿಗೆ ಕೊಡಲಿಲ್ಲ. 1825ರಲ್ಲಿ ಫಾಕ್ಸ್ ನದಿ ದಾಟುವಾಗ ಬರ್ಕ್‌ಬೆಕ್ ಮುಳುಗಿ ತೀರಿಕೊಂಡರು.

ಮತದಾನದ ದಿನ ನಡೆಯಲಾಗದ ಮುದುಕರನ್ನೂ ಹೊತ್ತುಕೊಂಡು ಬಂದರಂತೆ. ಸಮಾವೇಶ ಬೇಕು ಅಂದವರು 4,972, ಬೇಡ ಅಂದವರು 6,640. ಅದೇ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷರ ಚುನಾವಣೆಗೆ ಈ ರಾಜ್ಯದಲ್ಲಿ ಇದರ ಅರ್ಧದಷ್ಟೂ ಮತ ಬೀಳಲಿಲ್ಲ ಅಂದರೆ ಜನ ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರು ಅಂತ ಗೊತ್ತಾಗುತ್ತದೆ. ಬೇಡ ಅಂದವರೆಲ್ಲ ಕಪ್ಪು ಜನರ ಮೇಲಿನ ಪ್ರೀತಿಯಿಂದಲೇ ಹಾಗೆ ಅಂದರು ಅಂತ ಏನಿಲ್ಲ. ಕೂಲಿ ಕುಸಿಯುತ್ತದೆ ಅನ್ನುವ ಭಯ ಕೆಲವರಿಗೆ, ಕಪ್ಪು ಜನರೇ ಇಲ್ಲಿಗೆ ಬರುವುದು ಬೇಡ ಅನ್ನುವ ಮನಸ್ಸು ಇನ್ನು ಕೆಲವರಿಗೆ. ಮತ್ತೆ ಯಾರ ಬದುಕಿನ ಪ್ರಶ್ನೆಯೋ ಅವರಿಗೆ, ಪಿನ್ ಓಕ್‌ನ ರಾಲ್ಫ್‌ಗಾಗಲಿ ರಾಬರ್ಟ್‌ಗಾಗಲಿ, ಮತ ಹಾಕುವ ಹಕ್ಕೇ ಇರಲಿಲ್ಲ. ಅಲ್ಲಿನ ಸಂವಿಧಾನ ಬಿಳಿ ಗಂಡಸರಿಗೆ ಮಾತ್ರ ಮತ ಕೊಟ್ಟಿತ್ತು.

ಕೋಲ್ಸ್‌ಗೆ ಸಿಕ್ಕ ಬಹುಮಾನ ಒಂದು ಕೇಸು. 1819ರ ಮಾರ್ಚ್‌ನಲ್ಲಿ ಆದ ಕಾನೂನು ಒಂದಿತ್ತು, ಗುಲಾಮರನ್ನು ತಂದು ಬಿಡುಗಡೆ ಮಾಡುವವರು ತಲೆಗೆ 1,000 ಡಾಲರ್ ಬಾಂಡ್ ಬರೆದುಕೊಡಬೇಕು, ಇಲ್ಲದಿದ್ದರೆ ತಲೆಗೆ 200 ಡಾಲರ್ ದಂಡ. ಕೋಲ್ಸ್ ಜುಲೈನಲ್ಲಿ ಬಿಡುಗಡೆ ಪತ್ರ ಬರೆದಾಗ ಆ ಕಾನೂನು ಇನ್ನೂ ಅಚ್ಚೇ ಆಗಿರಲಿಲ್ಲ. ಐದು ವರ್ಷ ಯಾರಿಗೂ ನೆನಪಿಗೆ ಬಾರದ್ದು ಜನಮತದ ಬಿಸಿಯಲ್ಲಿ ನೆನಪಿಗೆ ಬಂತು. ಕೌಂಟಿಯವರು ಕೇಸು ಹಾಕಿದರು, 2,000 ಡಾಲರ್ ದಂಡ ಬಿತ್ತು. ಶಾಸಕಾಂಗವೇ ಮನ್ನಾ ಮಾಡಿದರೂ ಕೆಳ ನ್ಯಾಯಾಲಯದ ನ್ಯಾಯಾಧೀಶರು ಒಪ್ಪಲಿಲ್ಲ, ಕೊನೆಗೆ 1826ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಇದರ ನಡುವೆ, 1825ರಲ್ಲಿ ಕೋಲ್ಸ್ ಕೆಲವು ತಿಂಗಳು ರಾಜ್ಯದ ಹೊರಗೆ ಹೋಗಿ ಬಂದರೆ, ಉಪಗವರ್ನರ್ ಅಡಾಲ್ಫಸ್ ಹಬಾರ್ಡ್ ಕುರ್ಚಿ ಬಿಡಲು ಒಪ್ಪಲಿಲ್ಲ. ನೀವು ರಾಜ್ಯ ಬಿಟ್ಟು ಹೋದಿರಿ, ಈಗ ನಾನೇ ಗವರ್ನರ್ ಅಂದರು. ಕೋರ್ಟು, ಸಭೆ ಎರಡೂ ಅವರ ಮಾತಿಗೆ ಸೊಪ್ಪು ಹಾಕಲಿಲ್ಲ.

1826ರ ಡಿಸೆಂಬರ್‌ನಲ್ಲಿ ಅವಧಿ ಮುಗಿಯಿತು. ಆಮೇಲೆ ಕಾಂಗ್ರೆಸ್‌ಗೆ ನಿಂತು 1831ರಲ್ಲಿ ಸೋತರು. ಫಿಲಡೆಲ್ಫಿಯಾಕ್ಕೆ ಹೋಗಿ ನೆಲೆಸಿದರು, 1833ರಲ್ಲಿ ಸ್ಯಾಲಿ ಲೋಗನ್ ರಾಬರ್ಟ್ಸ್ ಅವರನ್ನು ಮದುವೆಯಾದರು, ಮೂವರು ಮಕ್ಕಳು. ಬಿಡುಗಡೆಯಾದ ಕಪ್ಪು ಜನರನ್ನು ಆಫ್ರಿಕಾಕ್ಕೆ ಕಳಿಸುವ ಯೋಜನೆಯನ್ನು ಅವರು ಬೆಂಬಲಿಸಿದ್ದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಆ ಜನ ಹುಟ್ಟಿ ಬೆಳೆದ ನೆಲ ಅಮೆರಿಕ. ಕೋಲ್ಸ್ ಅವರನ್ನು ದೇವರು ಮಾಡಿ ಅಂತ ನಾನು ಕೇಳುತ್ತಿಲ್ಲ. ಆದರೆ ಗುಲಾಮಗಿರಿಯ ವಿಷಯದಲ್ಲಿ ಹಿಂದೆ ಸರಿಯಲಿಲ್ಲ. 1832ರಲ್ಲಿ ಮುದುಕರಾಗಿದ್ದ ಮ್ಯಾಡಿಸನ್‌ಗೆ ಕಾಗದ ಬರೆದು, ಉಯಿಲಿನಲ್ಲಾದರೂ ನಿಮ್ಮ ಗುಲಾಮರನ್ನು ಬಿಡುಗಡೆ ಮಾಡಿ ಅಂತ ಕೇಳಿಕೊಂಡರು. 1836ರಲ್ಲಿ ಮ್ಯಾಡಿಸನ್ ತೀರಿಕೊಂಡರು, ಉಯಿಲಿನಲ್ಲಿ ಬಿಡುಗಡೆ ಇರಲಿಲ್ಲ. ನೋಡಿ, ಇಬ್ಬರು ಮಾಜಿ ಅಧ್ಯಕ್ಷರನ್ನು ಒಬ್ಬ ಮನುಷ್ಯ ಬರೆದು ಬೇಡಿಕೊಂಡದ್ದು, ಇಬ್ಬರೂ ಮಾಡದೆ ಹೋದದ್ದು!

ಕೊನೆಗಾಲದ ದುಃಖ ದೊಡ್ಡದು. ಮಗ ರಾಬರ್ಟ್ಸ್ ಕೋಲ್ಸ್ ಅಪ್ಪ ಬಿಟ್ಟು ಬಂದ ವರ್ಜೀನಿಯಾಕ್ಕೇ ಹೋಗಿ ನೆಲೆಸಿ, ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆ ಸೇರಿ, ಗುಲಾಮಗಿರಿ ಉಳಿಸಲು ಹೊರಟವರ ಪರವಾಗಿ ಹೋರಾಡಿ, 1862ರ ಫೆಬ್ರವರಿಯಲ್ಲಿ ರೋನೋಕ್ ದ್ವೀಪದಲ್ಲಿ ಸತ್ತ. ಆ ಅಪ್ಪನಿಗೆ ಹೇಗಾಗಿರಬೇಡ. 1865ರ ಫೆಬ್ರವರಿ 1ರಂದು, ಗುಲಾಮಗಿರಿ ನಿಷೇಧಿಸುವ 13ನೇ ತಿದ್ದುಪಡಿಗೆ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟ ರಾಜ್ಯ ಇಲಿನಾಯ್. ಆಗ ಕೋಲ್ಸ್‌ಗೆ 78 ವರ್ಷ. 1868ರ ಜುಲೈ 7ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಇಲಿನಾಯ್‌ನಲ್ಲಿ ಅವರ ಹೆಸರಿನ ಕೌಂಟಿ ಇದೆ. ಲಿಂಕನ್ ಅವರ ಅಪ್ಪನ ಸಮಾಧಿ ಇರುವುದು ಅದೇ ಕೋಲ್ಸ್ ಕೌಂಟಿಯಲ್ಲಿ. ಷಿಕಾಗೊ ಸುತ್ತಮುತ್ತ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲೂ ಎಷ್ಟು ಜನರಿಗೆ ಈ ಹೆಸರು ಗೊತ್ತಿದೆಯೋ.

ಹಾಗಾಗಿ ನನ್ನ ವಿನಂತಿ ಎರಡು. ಒಂದು, ಮಾಲೆ ಮುಗಿಯುವುದರೊಳಗೆ ಒಂದು ಪೂರ್ತಿ ಪುಟ ಕೋಲ್ಸ್‌ಗೆ ಕೊಡಿ, ಜೆಫರ್ಸನ್ ಜೊತೆಗಿನ ಕಾಗದಗಳ ಕನ್ನಡ ಅನುವಾದವನ್ನೂ ಹಾಕಿ, ಓದುಗರೇ ಓದಿ ತೀರ್ಮಾನಿಸಲಿ. ಆ ಪುಟದಲ್ಲಿ ಕೋಲ್ಸ್ ಚಿತ್ರ ಒಂದನ್ನೇ ಹಾಕಿ ಮುಗಿಸಬೇಡಿ, ಆ ದೋಣಿಯಲ್ಲಿ ಇದ್ದವರ ಹೆಸರುಗಳನ್ನೂ ಅಚ್ಚು ಹಾಕಿ. ಎರಡು, ಈ ಮಾಲೆಯನ್ನು ಮುಂದೆ ಪುಸ್ತಕ ಮಾಡುವುದಾದರೆ ಜೆಫರ್ಸನ್ ಕಂತಿನ ಆ ಕೊನೆಯ ಸಾಲನ್ನು ತೆಗೆದು, ಅದರ ಜಾಗದಲ್ಲಿ 1814ರಲ್ಲಿ ಅವರಿಗೆ ಬಂದ ಕಾಗದದ ವಿಷಯ ಬರೆಯಿರಿ. ಬರೆಯುವವರು ಯಾರೂ ಸಿಗದಿದ್ದರೆ ತಿಳಿಸಿ, ನಾನೇ ಬರೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಇತಿಹಾಸ ಮೇಷ್ಟ್ರು
ಶಿವಮೊಗ್ಗ